ಡೊಂಕು ಹೇನಿನ ಎರಡು ಬಾಟಲಿ

ನಾನು ಎರಡು ಬಾಟಲಿ ತುಂಬ ಹೇನು ಕೊಟ್ಟೆ. ಅವರು ಅದರಿಂದ ಎರಡು ಜಾತಿ ಮಾಡಿಕೊಂಡು ಬಂದರು. ಮೂರು ಬಾಟಲಿ ಕೊಟ್ಟಿದ್ದರೆ ಮೂರು ಮಾಡುತ್ತಿದ್ದರೋ ಏನೋ.

ಅವರು ಅಂದರೆ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರು. ಮೀನು ಮಾರುಕಟ್ಟೆಯಲ್ಲಿ ಅವರಿಗೆ ಭೂತಗನ್ನಡಿ ಎಂದು ಹೆಸರು. ಕೊರಳಿಗೆ ದಾರ ಕಟ್ಟಿ ಭೂತಗನ್ನಡಿಯೊಂದನ್ನು ನೇತುಹಾಕಿಕೊಂಡೇ ಬರುತ್ತಾರೆ. ಕೈಯಲ್ಲಿ ಕರವಸ್ತ್ರ, ಅದು ಮೂಗಿಗೆ. ಇಪ್ಪತ್ತೆಂಟು ವರ್ಷ ಮೀನಿನ ಹೆಸರು ಹೇಳಿಕೊಂಡು ಸಂಬಳ ತಿಂದ ಮನುಷ್ಯನಿಗೆ ಮೀನಿನ ವಾಸನೆ ಆಗುವುದಿಲ್ಲ. ಚರಂಡಿಯ ಕಲ್ಲಿನ ಮೇಲೆ ಕಾಲಿಡುವಾಗ ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ, ನಾವೆಲ್ಲ ಅವರ ಪ್ಯಾಂಟಿಗಾಗಿಯೇ ಕಾದು ಕೂತವರ ಹಾಗೆ.

ಬಂಗುಡೆ ಮೀನಿನ ಕಿವಿರಿನೊಳಗೆ ಒಂದು ಹುಳು ಇರುತ್ತದೆ. ನಾವು ಮೀನು ಹೇನು ಅನ್ನುತ್ತೇವೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಬಣ್ಣವೂ ಹೆಚ್ಚುಕಡಿಮೆ ಅದೇ. ಏಳು ಜೊತೆ ಕಾಲು, ಪ್ರತಿ ಕಾಲಿನ ತುದಿಗೂ ಒಂದು ಕೊಕ್ಕೆ. ಕಿವಿರು ಮುಚ್ಚಳದ ಕೆಳಗೆ ಸೇರಿಕೊಂಡಿತೆಂದರೆ ಮುಗಿಯಿತು, ಅಲ್ಲೇ ರಕ್ತ ಹೀರಿಕೊಂಡು ಬದುಕು ಕಳೆಯುತ್ತದೆ. ಓಡಾಟವಿಲ್ಲ, ದುಡಿಮೆಯಿಲ್ಲ. ಪ್ರೊಫೆಸರು ಇದಕ್ಕೆ ಐಸೊಪಾಡ್ ಅನ್ನುತ್ತಾರೆ. ಇವು ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತವೆ ಎಂದೂ ಒಂದು ದಿನ ಹೇಳಿದರು. ಅದನ್ನು ಕೇಳಿ ಐಸು ಒಡೆಯುವವನು ಮೂರು ದಿನ ನಕ್ಕ.

ಮೂರನೇ ಸಾಲಿನ ಕಟ್ಟೆ ನಮ್ಮ ಅಮ್ಮನದು. ಅವಳು ಮಾರುತ್ತಾಳೆ, ನಾನು ಕೊಯ್ಯುತ್ತೇನೆ. ಎಂಟನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನನ್ನನ್ನು ಕಿಟಕಿಯ ಪಕ್ಕ ಒಬ್ಬನನ್ನೇ ಕೂರಿಸಿದರು, ಗಾಳಿ ಆಡಲಿ ಎಂದು. ಕಿಟಕಿಗೆ ಸರಳು ಇರಲಿಲ್ಲ. ಅಲ್ಲಿಂದಲೇ ಇಳಿದು ಬಂದೆ. ಆವತ್ತಿನಿಂದ ಚಾಕು ಹಿಡಿದಿದ್ದೇನೆ, ಒಂಬತ್ತು ವರ್ಷ.

ನಾನು ಕೊಯ್ಯುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಹದಿನೈದು ಮೀನನ್ನು ಹಲಗೆಯ ಮೇಲೆ ಸಾಲಾಗಿ ಮಲಗಿಸುತ್ತೇನೆ. ತಲೆಗಳೆಲ್ಲ ನನ್ನ ಬಲಕ್ಕೆ, ಹೊಟ್ಟೆಗಳೆಲ್ಲ ನನ್ನ ಕಡೆಗೆ. ಮೇಲಿನ ಪಕ್ಕದ ಕಿವಿರುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಎತ್ತಿ ಕಿತ್ತು ಮುಗಿಸುತ್ತೇನೆ. ಆಮೇಲೆ ಇಡೀ ಸಾಲನ್ನು ಮಗುಚಿ ಆ ಪಕ್ಕದವು. ಒಂದೊಂದೇ ಮೀನನ್ನು ಮಗುಚುತ್ತ ಕೂತರೆ ದಿನಾ ನಮ್ಮಿಂದ ಕೊಳ್ಳುವ ಕ್ಯಾಂಟೀನಿಗೆ ಮಧ್ಯಾಹ್ನದೊಳಗೆ ಮೀನು ಮುಟ್ಟುವುದಿಲ್ಲ. ಹೇನು ಬೇಕು, ಕೆಡದ ಹಾಗೆ ಇದರಲ್ಲಿ ಹಾಕಿಡು ಎಂದು ಪ್ರೊಫೆಸರು ಎರಡು ಬಾಟಲಿ ಸ್ಪಿರಿಟ್ ಕೊಟ್ಟು ಹೋದರು. ನನ್ನದು ಎರಡು ಸರದಿ, ಅವರದು ಎರಡು ಬಾಟಲಿ. ಮೊದಲ ಸರದಿಯಲ್ಲಿ ಸಿಕ್ಕಿದ್ದು ಒಂದಕ್ಕೆ, ಎರಡನೆಯದರಲ್ಲಿ ಸಿಕ್ಕಿದ್ದು ಇನ್ನೊಂದಕ್ಕೆ. ಕೈಗೆ ಸಲೀಸು ಎಂದು ಹಾಗೆ ಮಾಡಿದೆ, ಬೇರೆ ಯಾವ ಘನಕಾರ್ಯವೂ ಅದರಲ್ಲಿರಲಿಲ್ಲ. ಬಾಟಲಿಯ ಮೇಲೆ ಬಣ್ಣದಲ್ಲಿ ಒಂದು, ಎರಡು ಎಂದು ಬರೆದೆ.

ಎಂಟು ತಿಂಗಳು ಹೀಗೆ ತುಂಬಿದ್ದನ್ನು ಒಯ್ದು, ಬೇರೆ ಎರಡು ಬಾಟಲಿ ಕೊಟ್ಟು ಹೋಗುತ್ತಿದ್ದರು. ಮೀನು ಯಾವ ದಿನ ಹಿಡಿದದ್ದು, ಎಷ್ಟು ಆಳದಲ್ಲಿ, ದೋಣಿ ಯಾರದು, ಎಲ್ಲ ಕೇಳಿದರು. ಬಾಟಲಿಯ ಮೇಲೆ ಒಂದು, ಎರಡು ಯಾಕೆ ಎಂದು ಮಾತ್ರ ಕೇಳಲಿಲ್ಲ. ಕೊಯ್ಯುವವನ ಹತ್ತಿರ ಕೇಳುವುದಕ್ಕೆ ಏನಿರುತ್ತದೆ?

ಒಂದು ದಿನ ಬೆಳಿಗ್ಗೆ ಕರವಸ್ತ್ರವನ್ನು ಜೇಬಿಗಿಟ್ಟುಕೊಂಡು ಬಂದರು. ಏನೋ ದೊಡ್ಡದೇ ಆಗಿರಬೇಕು ಅಂದುಕೊಂಡೆ.

"ಅಮ್ಮಾ, ನೀವು ಕೊಟ್ಟಿದ್ರಲ್ಲಿ ಎರಡು ಹೊಸ ಜಾತಿ ಇದೆ. ಪ್ರಪಂಚದಲ್ಲೇ ಇದುವರೆಗೂ ಯಾರೂ ನೋಡಿಲ್ಲ."

"ನಾವು ದಿನಾ ನೋಡ್ತೀವಲ್ಲ ಸಾರ್," ಅಂದಳು ಅಮ್ಮ.

"ನೋಡೋದು ಬೇರೆ, ಗುರುತಿಸೋದು ಬೇರೆ." ಆ ಮಾತನ್ನು ಹೇಳುವಾಗ ಮುಖದಲ್ಲಿ ಎಂಥ ಸಮಾಧಾನ! "ಒಂದಕ್ಕೆ ನಮ್ಮ ಗುರುಗಳ ಹೆಸರಿಡ್ತಿದೀನಿ. ಇನ್ನೊಂದಕ್ಕೆ ನಿಮ್ಮ ಹೆಸರು."

ಅಮ್ಮನನ್ನು ಅಕ್ಕ ಎಂದೇ ಕರೆಯುವ ಐಸಿನವನು ಕೊಡತಿಯನ್ನು ಕೆಳಗಿಟ್ಟ. "ಹೇನಿಗೆ ನಮ್ಮಕ್ಕನ ಹೆಸರಾ? ಸರಿಯಾಗಿದೆ ಬಿಡಿ ಸಾರ್. ಇಬ್ರೂ ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ."

"ನಿನ್ನ ಹೆಸರನ್ನ ಬೀದಿ ನಾಯಿಗೂ ಇಡಲ್ಲ ಕಣೋ, ಅದು ಬೇಜಾರು ಮಾಡ್ಕೊಳ್ಳುತ್ತೆ. ಐಸ್ ಹಾಕು," ಅಂದಳು ಅಮ್ಮ. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸ್ವಲ್ಪ ದನಿ ತಗ್ಗಿಸಿ ಕೇಳಿದಳು: "ಸಾರ್, ನಾನು ಸತ್ತ ಮೇಲೂ ಇರುತ್ತಾ ಅದು?"

"ಒಂದ್ಸಲ ಅಚ್ಚಾದ್ರೆ ಆಯ್ತಮ್ಮ. ಯಾರೂ ಅಳಿಸೋಕಾಗಲ್ಲ."

ಅಮ್ಮ ಹೆಬ್ಬೆಟ್ಟು ಒತ್ತುವವಳು. ಅವಳ ಹೆಸರು ಇರುವುದು ಕಟ್ಟೆಯ ಪರವಾನಗಿಯಲ್ಲಿ ಮಾತ್ರ. ಅಲ್ಲೂ ಗುಮಾಸ್ತ ಒಂದಕ್ಷರ ನುಂಗಿದ್ದಾನೆ. ಆವತ್ತು ಅವಳು ಕಟ್ಟೆಯನ್ನು ಎರಡು ಸಲ ತೊಳೆದಳು. ಯಾರು ಬಂದರೂ ಮೀನಿಗಿಂತ ಮೊದಲು ಹೇನಿನ ಸುದ್ದಿ. ಒಂದು ಹೆಂಗಸು ಅದನ್ನು ಕೇಳಿ, ಹುಳ ಇರುವ ಮೀನು ಬೇಡ ಎಂದು ಎದ್ದು ಹೋದಳು. ಅಮ್ಮ "ಹೋಗ್ಲಿ, ಅವಳ ಹೆಸರಲ್ಲಿ ಏನಿದೆಯಂತೆ?" ಅಂದುಬಿಟ್ಟಳು. ನನಗೆ ನಗು ಬಂತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾರನೇ ವಾರ ಕೊನೆಯ ಬಾಟಲಿಗಳನ್ನು ತಲುಪಿಸಲು ನಾನೇ ಕಾಲೇಜಿಗೆ ಹೋದೆ. ಎರಡನೇ ಮಹಡಿ, ಮೂಲೆಯ ಕೋಣೆ. ಗೋಡೆ ತುಂಬ ಗಾಜಿನ ಬೀರು, ಬೀರು ತುಂಬ ಜಾಡಿ. ಮೀನು, ಏಡಿ, ಹಾವು, ಎಲ್ಲವೂ ಬಿಳಿಚಿಕೊಂಡು ಒಂದೇ ಬಣ್ಣಕ್ಕೆ ಬಂದಿದ್ದವು. ನಮ್ಮ ಮಾರುಕಟ್ಟೆಯ ವಾಸನೆಗೆ ಮೂಗು ಮುಚ್ಚುವವರು ಈ ವಾಸನೆಯಲ್ಲಿ ಕೂತು ಊಟ ಮಾಡುತ್ತಾರೆ. ಮೇಜಿನ ಮೇಲೆ ಟಿಫಿನ್ ಡಬ್ಬಿ ತೆರೆದೇ ಇತ್ತು.

ಕಿಟಕಿಯ ಪಕ್ಕ ಒಬ್ಬರು ಅಕ್ಕ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಪ್ರೊಫೆಸರ ಬರಹಗಳಿಗೆ ಚಿತ್ರ ಬರೆಯುವವರು. ಹೇನಿನ ಎರಡು ಚಿತ್ರ ಅವರ ಮುಂದಿತ್ತು. ಚುಕ್ಕೆ ಚುಕ್ಕೆಯಿಟ್ಟು ನೆರಳು ತುಂಬಿದ್ದರು, ಒಂದೊಂದು ಕೊಕ್ಕೆಯೂ ಚರ್ಮಕ್ಕೆ ಹತ್ತುವ ಹಾಗಿತ್ತು. ಆ ಕೋಣೆಯಲ್ಲಿ ಕೆಲಸ ಬಲ್ಲವರು ಅವರೊಬ್ಬರೇ ಎಂದು ಅಷ್ಟರಲ್ಲೇ ಗೊತ್ತಾಯಿತು.

"ನೋಡಪ್ಪ," ಅಂದರು ಪ್ರೊಫೆಸರು, ಪುಕ್ಕಟೆ ಪಾಠ ಮಾಡುವ ದೊಡ್ಡತನದಲ್ಲಿ. "ಇದು ಒಂದನೇ ಬಾಟಲಿದು. ಮೈ ಈ ಕಡೆಗೆ ಡೊಂಕು. ಎರಡನೇ ಬಾಟಲಿದು ಆ ಕಡೆಗೆ. ಒಂದಾದರೂ ತಪ್ಪಿಲ್ಲ. ನೂರಾ ಹನ್ನೆರಡು ನೋಡಿದೀನಿ. ಇಷ್ಟು ಕರಾರುವಾಕ್ಕಾದ ಲಕ್ಷಣ ಸಿಗೋದು ಅಪರೂಪ."

ನಾನು ಚಿತ್ರ ನೋಡಿದೆ. ಆವರಣ ಚಿಹ್ನೆ ತೆರೆದ ಹಾಗೆ ಒಂದು, ಮುಚ್ಚಿದ ಹಾಗೆ ಇನ್ನೊಂದು.

"ಸಾರ್, ಒಂದನೇ ಬಾಟಲಿ ಅಂದ್ರೆ ಒಂದು ಪಕ್ಕದ ಕಿವಿರು. ಎರಡನೇದು ಇನ್ನೊಂದು ಪಕ್ಕದ್ದು."

"ಹ್ಞಾಂ?"

"ನಾನು ಹಂಗೇ ಹಾಕಿದ್ದು. ಒಂದೇ ಹೇನು ಸಾರ್. ಯಾವ ಪಕ್ಕ ಸೇರ್ಕೊಳ್ಳುತ್ತೋ ಆ ಪಕ್ಕದ ಗೂಡಿಗೆ ತಕ್ಕಂಗೆ ಬಗ್ಗಿ ಬೆಳೆಯುತ್ತೆ. ನೀವು ಎಡಗಾಲಿನ ಚಪ್ಪಲಿ ಒಂದು ಜಾತಿ, ಬಲಗಾಲಿನ ಚಪ್ಪಲಿ ಇನ್ನೊಂದು ಜಾತಿ ಅಂತಿದೀರ."

ಕಿಟಕಿಯ ಪಕ್ಕದ ಅಕ್ಕ ಪೆನ್ಸಿಲ್ ಕೆಳಗಿಟ್ಟರು. ಪ್ರೊಫೆಸರು ನಕ್ಕರು. ಆ ನಗುವನ್ನು ನಾನು ಕಂಡಿದ್ದೆ, ಕಿಟಕಿಯ ಪಕ್ಕ ಕೂರಿಸಿದ ಮೇಷ್ಟ್ರ ಮುಖದಲ್ಲಿ.

"ನೀನು ಎಷ್ಟನೇ ಕ್ಲಾಸಪ್ಪ ಓದಿರೋದು?"

"ಎಂಟು. ಅದೂ ಪೂರ್ತಿ ಇಲ್ಲ."

"ಬಾಟಲಿ ಇಟ್ಟು ಹೋಗು."

ಮೆಟ್ಟಿಲಿನವರೆಗೆ ಅಕ್ಕ ಹಿಂದೆಯೇ ಬಂದರು. "ನಾನೂ ಹೇಳ್ದೆ ಕಣೋ," ಅಂದರು ಪಿಸುಗುಟ್ಟುತ್ತ. "ಒಂದು ಚಿತ್ರದ ಟ್ರೇಸಿಂಗ್ ಹಾಳೆನ ಮಗುಚಿ ಇನ್ನೊಂದರ ಮೇಲೆ ಇಟ್ಟೆ. ಕಾಲು, ಬಾಲ, ಮೀಸೆ ಎಲ್ಲಾ ಕೂತ್ಕೊಂಡ್ತು. ನೀವು ಚಿತ್ರ ಬರೀರಿ, ವರ್ಗೀಕರಣ ನಾನು ಮಾಡ್ತೀನಿ ಅಂದ್ರು. ನನ್ನ ಹತ್ರ ಮೀನಿಲ್ಲ, ಬರೀ ಬಾಟ್ಲಿ. ನಿನ್ನ ಹತ್ರ ಮೀನಿದೆ."

ಹಾಗಾದರೆ ಮೀನನ್ನೇ ತರುತ್ತೇನೆ ಅಂದೆ.

ಮೂರು ದಿನ ಒಂದೊಂದೇ ಮೀನನ್ನು ಮಗುಚಿ ಮಗುಚಿ ನೋಡಿದೆ. ಕ್ಯಾಂಟೀನಿನವನು ಬೈದ, ಬೈಯಲಿ. ಹೇನಿದ್ದ ಮೀನು ನಲವತ್ತೊಂದು ಸಿಕ್ಕವು. ಒಂದೂ ತಪ್ಪಲಿಲ್ಲ. ಕೊನೆಗೆ ಎರಡು ಪಕ್ಕಕ್ಕೂ ಒಂದೊಂದು ಹೇನಿರುವ ಮೀನೊಂದು ಕೈಗೆ ಬಂತು. ಮುಚ್ಚಳವನ್ನು ಉಗುರಿನಷ್ಟು ಎತ್ತಿ ನೋಡಿ, ಹಾಗೇ ಬಿಟ್ಟು, ಐಸಿನಲ್ಲಿ ಸುತ್ತಿಕೊಂಡು ಕಾಲೇಜಿಗೆ ನಡೆದೆ.

ಪ್ರೊಫೆಸರ ಮೇಜಿನ ಮೇಲೆ, ಅವರ ಕಾಗದಗಳ ಪಕ್ಕದಲ್ಲೇ, ಮೀನನ್ನು ಮಲಗಿಸಿದೆ. "ಇದು ಒಂದೇ ಮೀನು. ಇದಾದ್ರೂ ಒಪ್ತೀರಾ?" ಅಂದೆ. ಮೇಲಿನ ಮುಚ್ಚಳ ಎತ್ತಿದೆ. ಹೇನು ಈ ಕಡೆಗೆ ಡೊಂಕು. ಮಗುಚಿದೆ, ಎತ್ತಿದೆ. ಆ ಕಡೆಗೆ ಡೊಂಕು. ಐಸಿನ ನೀರು ಕಾಗದಗಳ ಕಡೆಗೆ ಹರಿಯುತ್ತಿತ್ತು. ಅವರು ಒರೆಸಲಿಲ್ಲ.

ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. ಚಿಮಟದಿಂದ ಒಂದನ್ನು ಎಬ್ಬಿಸಿದರು, ತಿರುಗಿಸಿದರು, ಇನ್ನೊಂದರ ಪಕ್ಕ ಇಟ್ಟರು. ಮನುಷ್ಯ ದಡ್ಡನಲ್ಲ. ದಡ್ಡನಾಗಿದ್ದರೆ ಕ್ಷಮಿಸಬಹುದಿತ್ತು. ಅವರಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಕಂಡಿತು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಪೇಪರ್ ಶುಕ್ರವಾರ ಹೋಗುತ್ತೆ," ಅಂದರು ಮೆಲ್ಲಗೆ. "ಇದು ಒಂದೇ ಜಾತಿ ಅಂತಾದ್ರೆ, ಇರೋದು ಒಂದೇ ಹೆಸರು. ಯಾವ ಹೆಸರು ಉಳಿಯುತ್ತೆ, ಯಾವುದು ಹೋಗುತ್ತೆ ಅಂತ ನಿನಗೆ ನಾನು ಹೇಳ್ಬೇಕಾ? ನಿಮ್ಮ ತಾಯಿ ಎಷ್ಟು ಖುಷಿಯಾಗಿದಾರೆ."

ಹೀಗಿತ್ತು ನೋಡಿ ವಿಜ್ಞಾನ. ನೂರಾ ಹನ್ನೆರಡು ಹುಳುವಿನ ಮೀಸೆ ಎಣಿಸಿದ ಮನುಷ್ಯ ಕೊನೆಗೆ ನನ್ನ ಅಮ್ಮನ ಸೆರಗಿನ ಹಿಂದೆ ಅಡಗಿಕೊಂಡ. ಉಗಿಯಬೇಕು ಅನ್ನಿಸಿತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೀನನ್ನು ಅಲ್ಲೇ ಬಿಟ್ಟು ಬಂದೆ.

ಗೇಟಿನ ಹತ್ತಿರ ಅಕ್ಕ ಕಾಯುತ್ತಿದ್ದರು. ನಡೆದದ್ದನ್ನು ಹೇಳಿದೆ. "ಇರ್ಲಿ ಬಿಡಿ ಅಕ್ಕ. ಅವರ ತಪ್ಪು ಅವರ ತಲೆ ಮೇಲೆ. ಅಮ್ಮನ ಹೆಸರಾದ್ರೂ ಇರ್ಲಿ," ಅಂದೆ. ಹಾಗೆ ಅಂದ ನನ್ನ ದನಿ ನನಗೇ ಹೇಸಿಗೆಯಾಯಿತು.

"ಅವರ ತಲೆ ಮೇಲಲ್ಲ ಕಣೋ," ಅಂದರು ಅಕ್ಕ. "ಇವತ್ತಲ್ಲ ನಾಳೆ ಬೇರೆ ಯಾರೋ ಒಬ್ರು ಮೀನು ಕೊಯ್ದು ನೋಡ್ತಾರೆ. ಆಗ ನಿಮ್ಮಮ್ಮನ ಹೆಸರು ಅಳಿಸಿಹೋಗಲ್ಲ. ಸರಿಯಾದ ಹೆಸರಿನ ಕೆಳಗೆ ಪಟ್ಟಿ ಮಾಡಿ ಇಡ್ತಾರೆ, ಇದನ್ನ ಇಂಥವರು ತಪ್ಪಾಗಿ ಬೇರೆ ಜಾತಿ ಅಂದ್ಕೊಂಡಿದ್ರು ಅಂತ. ಆ ಪಟ್ಟಿ ಎಲ್ಲಾ ಪುಸ್ತಕದಲ್ಲೂ ಬರುತ್ತೆ. ನೂರು ವರ್ಷ ಆದ್ಮೇಲೂ ಓದ್ತಾರೆ. ಓದಿ ನಗ್ತಾರೆ."

ನನ್ನ ಅಮ್ಮನ ಹೆಸರು, ಭೂತಗನ್ನಡಿಯ ಪೆದ್ದುತನಕ್ಕೆ ಹಚ್ಚಿದ ಚೀಟಿ. ಅದೂ ಶಾಶ್ವತವಾಗಿ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಡೊಂಕಿನ ವಿಷಯ ಬಂದಾಗ ತಲೆಯೆತ್ತಿ ನೋಡಿದಳು.

"ಅದೇನು ಹೊಸದಾ? ನೀನು ಹುಟ್ಟೋಕೆ ಮುಂಚಿನಿಂದ ನೋಡ್ತಿದೀನಿ."

"ಮತ್ತೆ ಹೇಳೋದಲ್ವಾ ಅವರಿಗೆ?"

"ಕೇಳಿದ್ರೆ ತಾನೇ?"

ಅಕ್ಕ ಹೇಳಿದ ಪಟ್ಟಿಯ ಮಾತನ್ನೂ ಹೇಳಿದೆ. ಸರಿಯಾದ ಹೆಸರಿನ ಕೆಳಗೆ, ತಪ್ಪು ಎಂದು, ನೂರು ವರ್ಷ. ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಹಂಗಾದ್ರೂ ಇರುತ್ತಲ್ಲ," ಅಂದಳು.

"ಅಮ್ಮಾ, ತಪ್ಪು ಅಂತ ಇರುತ್ತೆ!"

"ನಮ್ಮಂಥೋರದ್ದು ಸರಿ ಅಂತ ಎಲ್ಲಿದೆಯೋ? ನಿಮ್ಮಪ್ಪಂದು ಎಲ್ಲಾದ್ರೂ ಇದೆಯಾ? ನಮ್ಮಮ್ಮಂದು? ಸುಮ್ನಿರು. ತಪ್ಪು ಮಾಡಿದ್ದು ಅವರು, ನಾವಲ್ಲ."

"ಅವರನ್ನ ಹಂಗೇ ಬಿಡ್ಬೇಕಾ?"

"ನಿನಗೆ ಅವರನ್ನ ಸೋಲಿಸೋ ಚಟ. ಅದಕ್ಕೆ ನನ್ನ ಹೆಸರು ಬಲಿ ಕೊಡಬೇಡ."

ನಿಜವಾಗಿಯೂ ನನಗೆ ಸತ್ಯದ ಮೇಲೆ ಪ್ರೀತಿಯೋ, ಆ ಮನುಷ್ಯನ ಮೇಲಿನ ಉರಿಯೋ? ಗುರುವಾರ ಇಡೀ ದಿನ ಕೊಯ್ಯುತ್ತ ಅದನ್ನೇ ಯೋಚಿಸಿದೆ. ಯೋಚನೆ ತೀರ್ಮಾನಕ್ಕೆ ಬರಲಿಲ್ಲ. ಆದರೆ ಯಾವುದೋ ಊರಿನ ಕೋಣೆಯಲ್ಲಿ ಟಿಫಿನ್ ಡಬ್ಬಿ ತೆರೆದಿಟ್ಟುಕೊಂಡು ಅಮ್ಮನ ಹೆಸರು ಓದಿ ನಗುವ ಒಬ್ಬ ಪ್ರೊಫೆಸರು ಮಾತ್ರ ಕಣ್ಣಿನಿಂದ ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ ಹೇಳದೆ ಕಾಲೇಜಿಗೆ ಹೋದೆ. ಅಕ್ಕ ಚಿತ್ರಗಳನ್ನು ಎದೆಗವಚಿಕೊಂಡು ನಿಂತಿದ್ದರು.

"ಒಂದು ಜಾತಿ ಅಂತಾದ್ರೆ ಕೊಡ್ತೀನಿ ಸರ್," ಅಂದರು ಪ್ರೊಫೆಸರಿಗೆ. "ಎರಡು ಅಂತಾದ್ರೆ ನನ್ನ ಚಿತ್ರ ನನ್ನ ಹತ್ರಾನೇ ಇರುತ್ತೆ."

"ಏನಮ್ಮ, ನೀವೂ ಈ ಕಟುಕನ ಪಾರ್ಟಿನಾ?"

"ಕಟುಕ ಅಲ್ಲ, ಮೀನು ಕೊಯ್ಯೋನು," ಅಂದೆ ನಾನು. "ಆ ವ್ಯತ್ಯಾಸನೂ ಗುರುತಿಸೋಕಾಗಲ್ವಾ ಸಾರ್?"

ಚಿತ್ರವಿಲ್ಲದೆ ಪೇಪರ್ ಹೋಗುವುದಿಲ್ಲ. ಪ್ರೊಫೆಸರು ಕೂತು ಹಾಳೆಗಳ ಮೇಲೆ ಗೆರೆ ಎಳೆಯತೊಡಗಿದರು. ಅಮ್ಮನ ಹೆಸರು ಎಲ್ಲೆಲ್ಲಿತ್ತೋ ಅಲ್ಲೆಲ್ಲ. ಗುರುಗಳ ಹೆಸರು ಕೂತಲ್ಲೇ ಕೂತಿತ್ತು, ಕೊಕ್ಕೆ ಹಾಕಿಕೊಂಡು. ಗೆರೆ ಎಳೆಯುವ ಸದ್ದು ಕೇಳುತ್ತ ನನಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ.

ಜಾಡಿಯೊಳಗೆ ಹಾಕುವ ಚೀಟಿಗಳನ್ನು ಹೊಸದಾಗಿ ಬರೆಯಬೇಕಿತ್ತು. ಸ್ಪಿರಿಟ್‌ನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲ್ ಕರಗುವುದಿಲ್ಲ. ಜಾಡಿ ಇರುವವರೆಗೂ ಆ ಚೀಟಿ ಇರುತ್ತದಂತೆ, ಅನುಮಾನ ಬಂದವರು ಕೊನೆಗೆ ನೋಡುವುದು ಅದನ್ನೇ ಅಂತೆ. ಅಕ್ಕ ಹಳೆಯ ಚೀಟಿ ತೋರಿಸಿದರು. 'ಸಂಗ್ರಹಿಸಿದವರು' ಎಂಬಲ್ಲಿ ಪ್ರೊಫೆಸರ ಹೆಸರಿತ್ತು! ಒಂದು ಮೀನಿನ ಬಾಲವನ್ನೂ ಮುಟ್ಟದ ಮನುಷ್ಯ.

"ಇಲ್ಲಿ ನಿಜ ಬರೀಬೇಕಲ್ವಾ ಸರ್?" ಅಂದರು ಅಕ್ಕ.

ಪ್ರೊಫೆಸರು ತಲೆಯೆತ್ತಲಿಲ್ಲ. "ಏನಾದ್ರೂ ಬರ್ಕೊಳ್ಳಿ."

ನಾನೇ ಬರೆದೆ. ಒಂದನೇ ಬಾಟಲಿಗೆ 'ಎಡ ಕಿವಿರು', ಎರಡನೆಯದಕ್ಕೆ 'ಬಲ ಕಿವಿರು'. ಎರಡರ ಕೆಳಗೂ, 'ಸಂಗ್ರಹಿಸಿದವರು' ಎಂಬಲ್ಲಿ, ಅಮ್ಮನ ಹೆಸರು, ಗುಮಾಸ್ತ ನುಂಗಿದ ಅಕ್ಷರವನ್ನೂ ಸೇರಿಸಿ.

ಅಮ್ಮ ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಐಸಿನವನ ಕೈಲಿ ಹೇಳಿಕಳಿಸುತ್ತಿದ್ದಳು, ನಾನು ಎರಡು ಮೊಳ ದೂರದಲ್ಲೇ ಕೂತಿದ್ದರೂ. "ನಿನ್ನ ಅಕ್ಕನ ಮಗನಿಗೆ ಹೇಳು, ಚಾಕು ಮಸೀಬೇಕಂತೆ." ಐಸಿನವನು ನನ್ನ ಕಡೆ ತಿರುಗಿ, "ಮೇಲಿಂದ ಆರ್ಡರ್ ಬಂದಿದೆ," ಅನ್ನುತ್ತಿದ್ದ. ಗಿರಾಕಿಗಳು ಹೇನಿನ ಸುದ್ದಿ ಕೇಳಿದರೆ ಅವಳು ತಕ್ಕಡಿಯನ್ನು ನೋಡುತ್ತಿದ್ದಳು. ಹನ್ನೆರಡನೇ ದಿನ ಕಟ್ಟೆ ತೊಳೆದಾದ ಮೇಲೆ ತಾನೇ ಎದ್ದು ನಿಂತಳು.

"ಆ ಚೀಟಿ ಚೀಟಿ ಅಂತೀಯಲ್ಲ. ತೋರ್ಸು ನಡಿ."

ಕಾಲೇಜಿನ ಮೆಟ್ಟಿಲು ಹತ್ತುವಾಗ ಚಪ್ಪಲಿ ಬಿಡಬೇಕಾ ಎಂದು ಕೇಳಿದಳು. ಬೇಡ ಅಂದೆ. ಕೋಣೆಯಲ್ಲಿ ಪ್ರೊಫೆಸರೂ ಇದ್ದರು, ಅಕ್ಕನೂ ಇದ್ದರು. ಪ್ರೊಫೆಸರು "ಬನ್ನಿ ಅಮ್ಮ" ಅಂದವರೇ ಪುಸ್ತಕದಲ್ಲಿ ತಲೆ ತೂರಿಸಿದರು. ಅಕ್ಕ ಬೀರಿನ ಬೀಗ ತೆಗೆದು ಎರಡು ಜಾಡಿಯನ್ನೂ ಮೇಜಿನ ಮೇಲಿಟ್ಟರು. ಅಮ್ಮ ಬಗ್ಗಿ ಕಣ್ಣನ್ನು ಗಾಜಿಗೆ ತಾಗಿಸಿಕೊಂಡು ನೋಡಿದಳು.

"ಇದ್ರಲ್ಲಿ ನನ್ನ ಹೆಸರು ಯಾವುದು?"

ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇಷ್ಟೇನಾ?"

"ಇಷ್ಟೇ."

"ಇದರ ಮೇಲಿರೋದು?"

"ಎಡ ಕಿವಿರು ಅಂತ."

ಅಮ್ಮ ಜಾಡಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿದಳು. ಹೇನುಗಳು ಮೆಲ್ಲಗೆ ಎದ್ದು ಕೂತವು.

"ಇವು ಬಲಗಡೇವು ಕಣೋ."

"ಇಲ್ಲಮ್ಮ. ಒಂದನೇ ಬಾಟ್ಲಿ, ಮೊದಲ ಸರದಿ. ಎಡ."

"ಯಾರ ಎಡ?"

ಅವಳು ಮೇಜಿನ ಮೇಲಿದ್ದ ಪ್ರೊಫೆಸರ ಕನ್ನಡಕದ ಡಬ್ಬಿಯನ್ನು ಕೇಳದೆಯೇ ತೆಗೆದುಕೊಂಡು, ನನ್ನ ಹಲಗೆಯ ಮೇಲೆ ಮೀನು ಮಲಗುವ ಹಾಗೆಯೇ ಮಲಗಿಸಿದಳು. "ಇದು ತಲೆ, ನಿನ್ನ ಬಲಕ್ಕೆ. ಇದು ಹೊಟ್ಟೆ, ನಿನ್ನ ಕಡೆಗೆ. ಈಗ ಇದು ನಿನ್ನ ಮುಂದೆ ಈಜ್ಕೊಂಡು ಹೋಗ್ತಿದೆ ಅಂದ್ಕೋ." ಡಬ್ಬಿಯನ್ನು ಎತ್ತಿ ನೆಟ್ಟಗೆ ಮಾಡಿ, ಗಾಳಿಯಲ್ಲಿ ನನ್ನಿಂದ ದೂರಕ್ಕೆ ಓಡಿಸಿದಳು. "ಮೇಲಿದ್ದ ಪಕ್ಕ ಈಗ ಎಲ್ಲಿದೆ ನೋಡು."

ಬಲಕ್ಕಿತ್ತು. ಮೊದಲ ಸರದಿಯ ಮುಚ್ಚಳವನ್ನು ನಾನು ಎಡಗೈಯಿಂದ ಎತ್ತುತ್ತೇನೆ. ಅದಕ್ಕೇ ಅದು ಎಡ ಕಿವಿರು ಎಂದು ಒಂಬತ್ತು ವರ್ಷದಿಂದ ತಲೆಯಲ್ಲಿ ಕೂತಿತ್ತು. ಮೀನಿಗೆ ತನ್ನದೇ ಒಂದು ಎಡಗಡೆ ಇದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಎಂಥ ಪಂಡಿತ ನಾನೂ!

ಪುಸ್ತಕದ ಹಿಂದಿನಿಂದ ಒಂದು ಸದ್ದು ಬಂತು. ಪ್ರೊಫೆಸರು ಕೆಮ್ಮಿದರೋ ನಕ್ಕರೋ ಗೊತ್ತಾಗಲಿಲ್ಲ. ನಕ್ಕಿದ್ದರೂ ನಾನು ಏನೂ ಅನ್ನುವ ಹಾಗಿರಲಿಲ್ಲ.

"ಅದೇನು ದೊಡ್ಡ ವಿಷಯ ಅಲ್ಲಮ್ಮ," ಅಂದೆ. "ಬೀರುವಿನೊಳಗೆ ಯಾರು ನೋಡ್ತಾರೆ?"

"ನನ್ನ ಹೆಸರಿದೆಯಲ್ಲೋ ಅದ್ರಲ್ಲಿ," ಅಂದಳು ಅಮ್ಮ. "ತೆಗಿ. ಸರಿಯಾಗಿ ಬರಿ."

ಅಕ್ಕ ಆಗಲೇ ಚಿಮಟವನ್ನು ಸ್ಪಿರಿಟ್‌ಗೆ ಇಳಿಸಿದ್ದರು. ನಾನು ಕೂತು ಎರಡು ಚೀಟಿಯನ್ನೂ ಮೊದಲಿನಿಂದ ಬರೆದೆ. ಅಮ್ಮ ಹೆಗಲ ಮೇಲಿಂದ ಬಗ್ಗಿ ನೋಡುತ್ತ ನಿಂತಿದ್ದಳು, ಒಂದಕ್ಷರ ಓದಲು ಬಾರದಿದ್ದರೂ. ಮುಚ್ಚಳ ಬಿಗಿ ಮಾಡಿ ಬೀರಿಗೆ ಬೀಗ ಬೀಳುವವರೆಗೂ ಅಲ್ಲಿಂದ ಕದಲಲಿಲ್ಲ.